ಮಾರಣ್ಣನ ಅಳತೆಯ ಮಾತು

ಕೂಡ್ಲಿಗಿ
11-2-2002, ಸೋಮವಾರ

ಪ್ರೀತಿಯ ಮಾಲಾ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಡಾಕ್ಟರಮ್ಮ ಕೊಟ್ಟ ಗುಳಿಗೆ ತಪ್ಪಿಸಬೇಡ. ಕೂಸು ದಿನಕ್ಕೆ ಎಷ್ಟು ಸಲ ಒದೆಯುತ್ತದೆ, ಲೆಕ್ಕ ಇಡು. ಹಲವಾಗಲಿನಲ್ಲಿ ನಿಮ್ಮ ಅವ್ವ ಹೊಳೆಯ ಕಡೆ ಹೋಗಲು ಬಿಡುವುದಿಲ್ಲವೆಂದು ಸಿಟ್ಟಾಗಬೇಡ. ಈ ಒಂದು ವಿಷಯದಲ್ಲಿ ನಾನು ಅತ್ತೆಯ ಪಕ್ಷ. ಹೋದ ವರ್ಷ ಉಳಿಯದ ಕೂಸನ್ನು ನೆನೆದು ಅಳುತ್ತ ಕೂರಬೇಡ. ಗುರುವಾರ ಹರಪನಹಳ್ಳಿ ದವಾಖಾನೆಗೆ ಸೇರಿಸುತ್ತಾರೆ, 'ನೀವು ಬಾಜೂಕ ಇದ್ರ ನನಗ ಧೈರ್ಯರೀ' ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಆದರೆ ಏನು ಮಾಡಲಿ ನಮ್ಮವ್ವಾ, ಈ ಸಿನಿಮಾ ಶೂಟಿಂಗ್ ನನ್ನನ್ನು ಬಿಡುತ್ತಿಲ್ಲ. ಇದರಲ್ಲಿ ಹೇಗೆ ಸಿಕ್ಕಿಬಿದ್ದೆ ಎಂದು ಓದು, ಆಮೇಲೆ ಬೈಯುವಿಯಂತೆ.

ನಮ್ಮ ಮದುವೆ ಕ್ಯಾಸೆಟ್ಟಿನಲ್ಲಿ ನಿನ್ನ ಮುಖದ ಸುತ್ತ ಗುಲಾಬಿ ಹೂ ತಿರುಗಿಸಿದ ಪ್ರವೀಣಕುಮಾರ್ ನೆನಪಿದ್ದಾನಲ್ಲ? ಅವನು ಹಾರುವ ವೀರನೊಬ್ಬನ ಸಿನಿಮಾ ತೆಗೆಯಲು ಹೊರಟ. ಕಥೆ ಅವನದೇ, ಮಾತೂ ಅವನದೇ. ವೀರನ ಪಾತ್ರಕ್ಕೆ ಗರಡಿಮನೆ ಮಾರಣ್ಣ. ಉಡುಪು ಹೊಲಿಸಲು ನನ್ನ ಅಂಗಡಿಗೆ ಬಂದರು. ಎದೆ ನಲವತ್ನಾಲ್ಕು ಇಂಚು! ಅಳತೆ ಬರೆಯುವಾಗ ನನಗೇ ಭಯವಾಯಿತು. ನೀಲಿ ಸ್ಯಾಟಿನ್ ಅಂಗಿ ತೊಟ್ಟು, ಬೆನ್ನಿಗೆ ಕೆಂಪು ಬಟ್ಟೆ ಇಳಿಬಿಟ್ಟು ಅವನು 'ಸಾವೇ ಎದುರಾದರೂ ನಗುತ್ತ ನಿಲ್ಲುವೆನು' ಎಂದು ಗುಡುಗಿದರೆ ರಸ್ತೆಯವರು ನಿಂತು ನೋಡುತ್ತಿದ್ದರು. ಆದರೆ ಊರಾಚೆಯ ಗುಡ್ಡದ ಬಂಡೆಯಿಂದ ಹಗ್ಗ ಕಟ್ಟಿ ಅವನನ್ನು ಇಳಿಬಿಟ್ಟಾಗ ರಾಟೆ ಕಿರ್ರೆಂದಿತು. ಐವತ್ತು ಕಿಲೋದ ಮೇಲೆ ಬೇಡವೇ ಬೇಡ ಎಂದ, ರಾಟೆ ಕೊಟ್ಟ ಬಾವಿ ಕೆಲಸದವನು. ಪ್ರವೀಣ ಸಿಕ್ಕಸಿಕ್ಕವರನ್ನೆಲ್ಲ ಶೇಂಗಾ ಮಂಡಿಯ ತಕ್ಕಡಿ ಹತ್ತಿಸಿದ. ಐವತ್ತರೊಳಗೆ ನಿಂತವನು ನಾನೊಬ್ಬನೇ, ನಲವತ್ತಾರು ಕಿಲೋ. ಬಲ್ಬು ಹಾಕಲು ಸ್ಟೂಲು ಹತ್ತಬೇಕೆಂದರೂ ನಿನ್ನನ್ನು ಕರೆಯುವ ನಿನ್ನ ಗಂಡ ಹೀಗೆ ವೀರನಾದ.

ಅಂಗಿಯನ್ನು ಎರಡೂ ಪಕ್ಕ ಒಳಕ್ಕೆ ಹಿಡಿದು ಹೊಲಿದು, ಭುಜ ಕತ್ತರಿಸಿ ನನ್ನ ಮೈಗೆ ತಂದೆ. ಮಾತನ್ನು ಮಾತ್ರ ಯಾರೂ ಬಿಚ್ಚಿ ಹೊಲಿಯಲಿಲ್ಲ, ಅದು ಮಾರಣ್ಣನ ಅಳತೆಯದೇ ಉಳಿಯಿತು. ನನ್ನಂಥವನಿಗೆ ಈ ಗುಡುಗು ಹೊಂದುವುದಿಲ್ಲ, ಬದಲಿಸಪ್ಪಾ ಎಂದೆ. ವೀರ ಅಂದಮೇಲೆ ಹೆದರಬಾರದು ಎಂದು ಪ್ರವೀಣ ಹಟ ಹಿಡಿದ. ಹೆದರದವನಿಗೆ ಏನಾದೀತು ಎಂದು ಯಾರು ಕಾದು ಕೂರುತ್ತಾರೆ? ಅದನ್ನು ಅವನಿಗೆ ಹೇಳುವ ಧೈರ್ಯವೂ ನನಗಿರಲಿಲ್ಲ. ಮೊದಲ ನಾಲ್ಕು ದಿನದ ಟೇಪನ್ನು ಸ್ಟುಡಿಯೋದಲ್ಲಿ ಹಾಕಿದಾಗ ನಾನು ಬಾಯಿ ತೆರೆದಲ್ಲೆಲ್ಲ ಜನ ಹೊಟ್ಟೆ ಹಿಡಿದು ನಕ್ಕರು.

ಐದನೆಯ ದಿನ ಬಂಡೆಯ ದೃಶ್ಯ. ಮಿರ್ಚಿ ಅಂಗಡಿಯ ಅಂಜಿನಕ್ಕ ತಾಯಿಯ ಪಾತ್ರ. ಅವಳ ಕೂಸನ್ನು ಎತ್ತಿಕೊಂಡು ನಾನು ಮೇಲಿನಿಂದ ಹಾರಿ ಬಂದು ನಗುತ್ತ ಒಪ್ಪಿಸಬೇಕು. ಟವೆಲ್ಲಿನಲ್ಲಿ ಗೊಂಬೆ ಸುತ್ತಿ ಕೈಗೆ ಕೊಟ್ಟು ಹಗ್ಗ ಬಿಟ್ಟರು. ಅರ್ಧಕ್ಕೆ ಬಂದಾಗ ಮಾತೆಲ್ಲ ಮರೆತುಹೋಯಿತು. ಟವೆಲ್ಲನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿ, 'ಬಿಡಬ್ಯಾಡ್ರಿ, ಕೂಸೈತಿ, ನಿಧಾನ ಇಳಸ್ರಿ' ಎಂದು ಅಳತೊಡಗಿದೆ. ಕ್ಯಾಮೆರಾ ಓಡುತ್ತಲೇ ಇತ್ತು. ಮಾನ ಹೋಯಿತು ಎಂದುಕೊಂಡೆ.

ಮಾರನೆಯ ದಿನ ಅದನ್ನು ಹಾಕಿ ನೋಡಿದಾಗ ಒಬ್ಬರೂ ನಗಲಿಲ್ಲ. ಮೊದಲ ಟೇಪಿಗೆ ನಕ್ಕು ನಕ್ಕು ಸುಸ್ತಾಗಿದ್ದ ಮಾರಣ್ಣನೇ ಬೆಂಚಿನ ತುದಿಗೆ ಸರಿದು ಕೂತಿದ್ದ. ಅಂಜಿನಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಪ್ರವೀಣನಿಗೆ ಹೇಳಿದಳು: 'ಈಗ ನಂಬಿಕಿ ಬಂತು ನೋಡಪ್ಪ. ಅಂಜಿಕೊಂತನೇ ಇಳದಾನ, ಆದ್ರ ಕೂಸು ಬಿಟ್ಟಿಲ್ಲ.' ಪ್ರವೀಣ ತನ್ನ ನೋಟ್‌ಬುಕ್ಕಿನ ಹಾಳೆ ಹರಿದು ಕಥೆಯನ್ನು ಹೊಸದಾಗಿ ಬರೆಯಲು ಕುಳಿತ. ಈಗ ಅವನ ವೀರ ಪ್ರತಿ ಸಲ ಹಾರುವ ಮುಂಚೆ ಹೆದರುತ್ತಾನೆ. ಇನ್ನೂ ಎರಡು ಹಾರಾಟ ಬಾಕಿ ಇವೆ. ಶನಿವಾರದವರೆಗೆ ನನ್ನನ್ನು ಬಿಡಲಾರರು, ನೀನೇ ಧೈರ್ಯ ತಂದುಕೊ.

ಅತ್ತೆ ಮಾವನಿಗೆ ನನ್ನ ನಮಸ್ಕಾರ ಹೇಳು. ಊರಮ್ಮ ನಿನ್ನನ್ನೂ ಕೂಸನ್ನೂ ಕಾಯಲಿ.

ಇಂತಿ ನಿನ್ನ ನಲವತ್ತಾರು ಕಿಲೋದ
ಯರ್ರಿಸ್ವಾಮಿ

ತಾ.ಕ.: ಅಂಚೆ ಡಬ್ಬಿಯವರೆಗೆ ಹೋಗಿ ಹಿಂದಕ್ಕೆ ಬಂದೆ. ಕೊನೆಗೆ ಬರೆದದ್ದು ಸುಳ್ಳು ಮಾಲಾ. ಶೂಟಿಂಗ್ ಮುಗಿದು ಹನ್ನೆರಡು ದಿನವಾಯಿತು. ದವಾಖಾನೆ ಎಂದರೆ ನನಗೆ ಹೆದರಿಕೆ, ಅದಕ್ಕೇ ನೆಪ ಹೇಳಿದೆ. ಹೋದ ವರ್ಷ ನಾನು ಬಾಗಿಲ ಹೊರಗೆ ನಿಂತಿದ್ದಾಗ ನರ್ಸಮ್ಮ ಕೂಸನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದಳು, ನಿನಗೆ ಇದುವರೆಗೆ ಹೇಳಿಲ್ಲ. ಆ ಗೊಂಬೆಯೂ ಅಷ್ಟೇ ಹಗುರ ಇತ್ತು. ಈ ಕಾಗದಕ್ಕೆ ಸ್ಟಾಂಪು ಹಚ್ಚಿಲ್ಲ. ಜೇಬಿನಲ್ಲಿಟ್ಟುಕೊಂಡು ನಾನೇ ತರುತ್ತೇನೆ, ಕೊಟ್ಟೂರಿನ ಮೇಲೆ ಹೋಗುವ ಹರಪನಹಳ್ಳಿ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಕಾಗದವನ್ನು ನಿನ್ನ ಕೈಗೆ ಕೊಡುವಾಗ ನಾನು ಅತ್ತರೆ ನಗು, ಪರವಾಗಿಲ್ಲ. ಗುರುವಾರ ಮಾತ್ರ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಬೇಡ ಎಂದು ಡಾಕ್ಟರಮ್ಮನಿಗೆ ನೀನೇ ಹೇಳು.