ಕೇಳಬೇಕು ಎಂಬ ಹೂ

ದೊಡ್ಡಕಾವಲು
ಕ್ರಿ.ಶ. 2291, ಎರಡನೇ ಬೇಸಿಗೆಯ ಮೂವತ್ತನಾಲ್ಕನೇ ದಿನ

ಗುರುಶಾಂತಪ್ಪ ಮೇಷ್ಟ್ರಿಗೆ ಚೌಡವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನೀವು ತೀರಿಕೊಂಡು ಇನ್ನೂರು ವರ್ಷದ ಮೇಲಾಗಿರಬೇಕು. ಹೀಗೆ ಮುಖಕ್ಕೆ ಹೇಳಿದ್ದಕ್ಕೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಹಳೆಯ ಹಾಜರಿ ಪುಸ್ತಕದಿಂದ, ಮಕ್ಕಳ ಹೆಸರುಗಳ ಮೇಲೆ ನೀವು ಕಾವಲಿನ ಹೂಗಳನ್ನು ಒಣಗಿಸಿ ಅಂಟಿಸಿದ ಆ ಪುಸ್ತಕದಿಂದ. ಅದರಲ್ಲಿಲ್ಲದ ಮಾತು ಬಂದಲ್ಲಿ ತಡವರಿಸುತ್ತೇನೆ, ಸಹಿಸಿಕೊಳ್ಳಿ.

ನಿಮಗೆ ಕಾವಲು ಎಂದರೆ ದನ ಮೇಯುವ ಹುಲ್ಲುಬಯಲು. ನಮಗೆ ಅದು ಊರಿನ ಹೆಸರು ಮಾತ್ರ, ಹುಲ್ಲಿಲ್ಲ. ನಾನು ಮಣ್ಣೋದುವವಳು. ಹಳೆಯ ರಸ್ತೆಗಳ ಟಾರು ಕಿತ್ತು, ಅಡಿಯ ಮಣ್ಣನ್ನು ತಟ್ಟೆಗಳಲ್ಲಿ ಹರಡಿ, ನೀರು ಚಿಮುಕಿಸಿ, ಅದರಲ್ಲಿ ಮಲಗಿರುವ ಬೀಜ ಏಳುತ್ತದೆಯೇ ಎಂದು ಕಾಯುವ ಕೆಲಸ ಇದು. ಬೆಳಿಗ್ಗೆ ಎದ್ದು ಪಾಲುನೀರು ತರುತ್ತೇನೆ. ತಲೆಗೆ ಎರಡು ಚೊಂಬು. ಮುಖ ತೊಳೆದ ನೀರು ತಟ್ಟೆಗೆ, ತಟ್ಟೆಯಿಂದ ಸೋರಿದ್ದು ಮತ್ತೆ ಚೊಂಬಿಗೆ. ಹನ್ನೊಂದು ವರ್ಷದಲ್ಲಿ ನನ್ನ ತಟ್ಟೆಗಳಲ್ಲಿ ಎದ್ದದ್ದು ಬರೀ ಕಳೆ. ಅಕ್ಕ ನನ್ನನ್ನು ಕೆಸರಿಗೆ ಕಾವು ಕೂತ ಕೋಳಿ ಎಂದು ಆಡಿಕೊಳ್ಳುತ್ತಾಳೆ.

ನಿಮ್ಮ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಒಂದು ಹೂವಿದೆ. ಬಣ್ಣ ಹೋಗಿ ಟೀ ಪುಡಿಯಂತಾಗಿದೆ. ಕೆಳಗೆ ನೀವೇ ಬರೆದಿದ್ದೀರಿ: ನೀಲಿ, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ, ಈ ಕಾವಲು ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಹೆಸರು ಎಂದಿರುವಲ್ಲಿ ಹುಳ ತಿಂದು, ಒಂದೇ ಮಾತು ಉಳಿದಿದೆ: ‘ಕೇಳಬೇಕು’. ಅದನ್ನೇ ನಾವು ಹೂವಿನ ಹೆಸರು ಎಂದುಕೊಂಡೆವು. ನಗಬೇಡಿ. ಮುಟ್ಟಿದರೆ ಮುನಿ ಎಂಬ ಗಿಡ ನಿಮ್ಮ ಪುಸ್ತಕದಲ್ಲೇ ಇರುವಾಗ, ಕೇಳಬೇಕು ಎಂಬುದೂ ಇರಬಾರದೇಕೆ? ಮೂರು ತಲೆಮಾರು ಆ ಹೆಸರು ಹೇಳಿಕೊಂಡೇ ಅದನ್ನು ಹುಡುಕಿದ್ದೇವೆ. ನನ್ನ ಅಕ್ಕ ತನ್ನ ಮಗಳಿಗೆ ಕೇಳಬೇಕು ಎಂದೇ ಹೆಸರಿಟ್ಟಿದ್ದಾಳೆ.

ಈ ಬೇಸಿಗೆಯ ಮೊದಲಲ್ಲಿ ಒಂದು ತಟ್ಟೆಯಲ್ಲಿ ಎರಡು ಸಸಿ ಎದ್ದವು. ಎಲೆ ಉದ್ದ, ಅಂಚು ಗರಗಸ, ನಿಮ್ಮ ಪುಟದಲ್ಲಿರುವಂತೆಯೇ. ಆದರೆ ಎರಡೂ ಒಂದೇ ಜಾತಿಯಲ್ಲ. ಒಂದರ ಎಲೆ ತಿಕ್ಕಿದರೆ ಸೌತೆಕಾಯಿಯ ವಾಸನೆ, ಇನ್ನೊಂದಕ್ಕೆ ಹುರಿದ ಎಳ್ಳಿನ ವಾಸನೆ. ತಿಕ್ಕಿ ಮೂಸುವುದನ್ನು ಕಲಿಸಿದ್ದು ನಿಮ್ಮ ಪಾಲಜ್ಜಿ. ಕಾವಲಿನಲ್ಲಿ ದನ ಕಾಯುತ್ತಿದ್ದ ಆಕೆಯ ಮಾತನ್ನು ನೀವು ಒಂಬತ್ತನೇ ಪುಟದಲ್ಲಿ ಹಾಗೇ ಬರೆದಿಟ್ಟಿದ್ದೀರಿ: "ಕಣ್ಣಲ್ಲಿ ನೋಡಿದ್ರೆ ಎಲ್ಲಾ ಹುಲ್ಲೇ ಮೇಷ್ಟ್ರೇ, ಎಲೆ ತಿಕ್ಕಿ ಮೂಸ್ರಿ." ಮೂಸಿದೆ. ಯಾವ ವಾಸನೆ ಯಾವುದರದೆಂದು ಮಾತ್ರ ನಿಮ್ಮ ಪುಸ್ತಕದಲ್ಲಿಲ್ಲ.

ಅಷ್ಟರಲ್ಲಿ ಪಾಲುನೀರು ಒಂದು ಚೊಂಬಿಗೆ ಇಳಿಯಿತು. ನೀರು ಹಂಚುವ ಓಬಳಕ್ಕ ಕೆಟ್ಟವಳಲ್ಲ, ನನ್ನ ತಟ್ಟೆಯ ಮುಂದೆ ಬಹಳ ಹೊತ್ತು ಕೂತಿದ್ದಳು. "ಎರಡಕ್ಕೂ ಆಗಾಕಿಲ್ಲ ಕಣವ್ವ. ಒಂದನ್ನ ಇಟ್ಕೊ, ಇನ್ನೊಂದನ್ನ ಕಿತ್ತಾಕು" ಎಂದಳು. ನಾನು ಎಳ್ಳಿನ ವಾಸನೆಯದನ್ನು ಇಟ್ಟುಕೊಂಡೆ. ಕಾರಣ ಹೇಳಲು ನಾಚಿಕೆಯಾಗುತ್ತದೆ: ನನಗೆ ಎಳ್ಳು ಇಷ್ಟ. ಇನ್ನೊಂದನ್ನು ನನ್ನ ಕೈಯಾರೆ ಕಿತ್ತೆ. ಅದರ ಬೇರು ಎಷ್ಟು ಉದ್ದವಿತ್ತೆಂದರೆ, ಎಳೆಯುತ್ತಲೇ ಇದ್ದೆ.

ನಿನ್ನೆ ಉಳಿದ ಗಿಡ ಹೂ ಬಿಟ್ಟಿತು. ಹಳದಿ. ಮಧ್ಯಾಹ್ನವಾದರೂ ಮುದುಡಲಿಲ್ಲ, ಸಂಜೆಯವರೆಗೂ ಅರಳಿಯೇ ಇತ್ತು. ಕಿತ್ತದ್ದೇ ನಿಮ್ಮದಾಗಿತ್ತು ಮೇಷ್ಟ್ರೇ. ಉಳಿದ ಮಣ್ಣಿನಲ್ಲಿ ಇನ್ನೊಂದು ಬೀಜ ಎದ್ದಿಲ್ಲ, ಏಳುತ್ತದೆಂಬ ಆಸೆಯೂ ನನಗಿಲ್ಲ. ತಟ್ಟೆಯ ಪಕ್ಕ ಕೂತು ಅತ್ತೆ. ಅಳು ನಿಂತ ಮೇಲೆ, ಏನು ಮಾಡಲೂ ತೋಚದೆ, ನಿಮ್ಮ ಪುಸ್ತಕವನ್ನು ರಟ್ಟಿನಿಂದ ರಟ್ಟಿಗೆ ಓದಿದೆ. ಹಿಂದಿನ ರಟ್ಟಿನ ಒಳಮಗ್ಗುಲನ್ನು ಇಷ್ಟು ವರ್ಷ ಯಾರೂ ನೋಡಿರಲಿಲ್ಲ. ಅಲ್ಲಿ ಪೆನ್ಸಿಲಿನಲ್ಲಿ ಹೀಗಿದೆ:

ಭಾನುವಾರದ ಕೆಲಸ. ಸೈಕಲ್ ಪಂಕ್ಚರ್ ಹಾಕಿಸುವುದು. ಸಕ್ಕರೆ ತರುವುದು. ಆ ನೀಲಿ ಹೂವಿನ ಹೆಸರು, ಹೂ ಇಲ್ಲದಾಗ ಗುರುತು ಹಿಡಿಯುವುದು ಹೇಗೆ ಅಂತ ಪಾಲಜ್ಜಿಯನ್ನು ಕೇಳಬೇಕು.

ಮೊದಲ ಎರಡರ ಮುಂದೆ ರೈಟ್ ಗುರುತು ಇದೆ. ಮೂರನೆಯದರ ಮುಂದೆ ಇಲ್ಲ.

ನಿಮ್ಮನ್ನು ಬೈಯಲು ಕೂತವಳು ನಾನು, ಆದರೆ ಬೈಗುಳ ಬರುತ್ತಿಲ್ಲ. ಬಿಸಿಲಿತ್ತೇನೋ, ಯಾರೋ ನೆಂಟರು ಬಂದರೇನೋ, ಅಜ್ಜಿ ಎಲ್ಲಿ ಹೋಗುತ್ತಾಳೆ, ಮುಂದಿನ ವಾರ ಹೋದರಾಯಿತು ಎಂದುಕೊಂಡಿರೇನೋ. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಈ ಕಾಗದವನ್ನು ಮಡಚಿ ಅದೇ ರಟ್ಟಿನೊಳಗೆ ಇಡುತ್ತೇನೆ. ನಿಮಗೆ ತಲುಪುವ ದಾರಿ ನನಗೆ ಗೊತ್ತಿರುವುದು ಅದೊಂದೇ. ಹೇಗಾದರೂ ಆ ಭಾನುವಾರ ಬೆಳಿಗ್ಗೆ ಇದು ನಿಮ್ಮ ಕೈಗೆ ಸಿಕ್ಕರೆ, ಪಾಲಜ್ಜಿ ಇನ್ನೂ ಇದ್ದಾಳೆ, ಕಾವಲಿನ ಮೇಲಿನ ಮಗ್ಗುಲಲ್ಲಿ ದನ ಬಿಟ್ಟುಕೊಂಡು ಕೂತಿರುತ್ತಾಳೆ. ಸಕ್ಕರೆ ಸೋಮವಾರ ತನ್ನಿ. ಸೈಕಲ್ ಪಂಕ್ಚರ್ ಆಗಿದ್ದರೆ ಆಗಿರಲಿ, ನಡೆದೇ ಹೋಗಿ.