ಗಡಿಯಾಚೆಗೆ ಬಸ್ಸು ಕಳಿಸುವವಳು

ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟೀ,

ನಾನೂ ಅಮ್ಮನೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಬೈಯಬೇಡ. ನಮ್ಮ ಪ್ರವಾಸದ ಆಫೀಸಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ವಾರಕ್ಕೆ ಎರಡು ಬಸ್ಸು ನಿಮ್ಮ ದೇಶಕ್ಕೆ ಹೊರಡುತ್ತಿವೆ. ನಿಮ್ಮ ದೇಶ ಎಂದೇ ಬರೆಯಬೇಕಲ್ಲ, ನೀನು ಮದುವೆಯಾಗಿ ಅಲ್ಲಿಗೆ ಹೋಗಿ ಹನ್ನೊಂದು ವರ್ಷವಾಯಿತು.

ಪಕ್ಕದ ದೇಶವನ್ನು ಯಾಕೆ ನೋಡಬೇಕು ಎಂಬ ಪುಸ್ತಿಕೆ ಬರೆದವಳು ನಾನೇ. ಅಲ್ಲಿನ ಹಳೆಯ ಶಾಸನಗಳ ಅಕ್ಷರ ನಮ್ಮದೇ, ಉಪ್ಪಿಗೂ ಹೊಸಿಲಿಗೂ ಅವರಾಡುವ ಮಾತು ನಮ್ಮದೇ, ಸಾವಿರ ವರ್ಷದ ಹಿಂದೆ ನಮ್ಮ ಕಲ್ಲುಕುಟಿಗರು ನಡೆದೇ ಹೋಗಿ ಅಲ್ಲಿ ಕಂಬ ಕೆತ್ತಿದರು, ಹೋದವರಿಗೆ ಪರದೇಶ ಅನ್ನಿಸುವುದೇ ಇಲ್ಲ ಎಂದೆಲ್ಲ ಬರೆದಿದ್ದೇನೆ. ಗಡಿಯನ್ನೇ ದಾಟದವಳು ಬರೆದದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಅದನ್ನು ಓದಿ ಹೋದವರು ಮರಳಿ ಬಂದು, ನನ್ನ ಮೇಜಿನ ಮುಂದೆಯೇ ನಿಂತು ಹೊಗಳುವುದು ಅಲ್ಲಿ ಊರು ತೋರಿಸಿದ ನಿನ್ನನ್ನು. ಆ ಗೈಡಮ್ಮ ಬಾಯಿ ತೆರೆದರೆ ಕಲ್ಲೂ ಕಿವಿಗೊಡುತ್ತದೆ ಎಂದರು ಒಬ್ಬ ನಿವೃತ್ತ ಮೇಷ್ಟ್ರು. ಅವಳು ನನ್ನ ತಂಗಿ ಎನ್ನಲಿಲ್ಲ ನಾನು. ಎದುರಿದ್ದ ವೀಸಾ ಅರ್ಜಿಗೆ ಸೀಲು ಒತ್ತಿದೆ, ಸ್ವಲ್ಪ ಜೋರಾಗಿಯೇ.

ಹೋದ ತಿಂಗಳು ಅಮ್ಮನನ್ನೂ ನಾನೇ ಬಸ್ಸು ಹತ್ತಿಸಿದೆನಲ್ಲ, ಮಾತ್ರೆಗಳನ್ನು ದಿನಕ್ಕೊಂದು ಪೊಟ್ಟಣ ಮಾಡಿಕೊಟ್ಟು. ಇಲ್ಲಿ ಮಂಡಿನೋವೆಂದು ಮಹಡಿ ಹತ್ತದವಳು ಅಲ್ಲಿ ನಿನ್ನ ಕೈ ಹಿಡಿದು ಇನ್ನೂರು ಮೆಟ್ಟಿಲು ಹತ್ತಿದಳಂತೆ. ಬಂದಾಗಿನಿಂದ ಒಂದೇ ರಾಗ: "ಅವಳ ಮನೇಲಿ ಚೆನ್ನಾಗಿ ನಿದ್ದೆ ಬಂತು ಕಣೇ." ಹನ್ನೊಂದು ವರ್ಷ ಅಮ್ಮನ ಹಾಸಿಗೆ ಹಾಸಿದವಳು ನಾನು. ಹೊಟ್ಟೆ ಉರಿಯಿತು. ಮುಚ್ಚಿಡುವುದೇನು ಬಂತು?

ಮೊನ್ನೆ ಮ್ಯಾನೇಜರು ಕರೆದು, ಮುಂದಿನ ಬಸ್ಸಿನಲ್ಲಿ ಒಂದು ಸೀಟು ಖಾಲಿ ಇದೆ ಎಂದರು. "ಪುಸ್ತಕ ಬರ್ದೋರೇ ನೋಡಿಲ್ಲ ಅಂದ್ರೆ ಹೇಗಮ್ಮಾ? ಹೋಗಿಬನ್ನಿ." ಅಮ್ಮನನ್ನು ನೋಡಿಕೊಳ್ಳುವವರಿಲ್ಲ ಎಂದೆ. ಮನೆಗೆ ಬಂದು ಹೇಳಿದರೆ ಅಮ್ಮ ಕೂತ ಜಾಗದಿಂದಲೇ ಪಕ್ಕದ ಮನೆಯ ನರ್ಸಮ್ಮನನ್ನು ಕೂಗಿ ಒಪ್ಪಿಸಿಬಿಟ್ಟಳು. ಆದರೂ ನಾನು ಹೋಗುವುದಿಲ್ಲವೆಂದೆ. ಸೀಟು ಬೇರೆಯವರ ಪಾಲಾಯಿತು.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಮಗಳು ನೂರು ಕಾಲ ಬಾಳಲಿ. ಬಿಸಿಲಲ್ಲಿ ಮಾತಾಡಿ ಮಾತಾಡಿ ನಿನ್ನ ಗಂಟಲು ಕೆಡದಿರಲಿ.

ನಿನ್ನ ಅಕ್ಕ

ತಾ.ಕ.: ಅಮ್ಮ ಬರೀ ನೆಪ. ಹನ್ನೊಂದು ವರ್ಷದ ನಿನ್ನ ಕಾಗದಗಳನ್ನೆಲ್ಲ ಸೀಟಿನ ಮಾತು ಬಂದ ದಿನ ಹರವಿಕೊಂಡು ಓದಿದೆ. "ಅಕ್ಕಾ, ನೀನೂ ಒಂದ್ಸಲ ಬಾರೇ" ಎಂದು ಒಂದರಲ್ಲೂ ಇರಲಿಲ್ಲ ಪುಟ್ಟೀ.