ಐದನೆಯ ಟ್ಯೂಬು

ಅಕ್ಕಾ,

ಇವತ್ತು ಬೆಳಿಗ್ಗೆ ನಿನ್ನ ರಕ್ತ ನನ್ನ ಕೈಗೇ ಬಂತು. ಟ್ಯೂಬಿನ ಮೇಲೆ ನಿನ್ನ ಹೆಸರು. ಚೀಟಿಯಲ್ಲಿ 'ಜ್ವರ, ಬ್ಯಾಕ್ಟೀರಿಯಾ ಸೋಂಕಿನ ಗುರುತು ನೋಡಿ, ತುರ್ತು' ಎಂದಿತ್ತು. ನಮ್ಮಲ್ಲಿಗೆ ಬರುವುದೆಲ್ಲ ತುರ್ತೇ, ನಿನಗೆ ಗೊತ್ತಲ್ಲ.

ಆ ಪರೀಕ್ಷೆಯ ಕಿಟ್ ಐದು ಟ್ಯೂಬಿಗಾಗುತ್ತದೆ; ಒಡೆದರೆ ಅಂದೇ ಮುಗಿಯಬೇಕು, ಇಲ್ಲದಿದ್ದರೆ ಹಾಳು. ಅದಕ್ಕೇ ಐದು ಟ್ಯೂಬು ಸೇರುವವರೆಗೆ ಒಡೆಯಬಾರದೆಂಬುದು ಲ್ಯಾಬಿನ ನಿಯಮ. ಇಲ್ಲಿ ಕೆಲಸದಲ್ಲಿದ್ದಾಗ ನೀನು ಒಂದಕ್ಕೇ ಒಡೆಯುತ್ತಿದ್ದೆ. ನನಗೆ ಸೂಜಿ ಹಿಡಿಯಲು ಕಲಿಸಿದವಳ ಮೇಲೆ ನಾನೇ ದೂರು ಬರೆದೆ. ಕೆಲಸ ಹೋದ ದಿನ ನೀನು, "ಉಂಡ ಮನೆ ಜಂತೆ ಎಣಿಸಿಬಿಟ್ಟೆಯಲ್ಲೇ" ಅಂದಿದ್ದೆ. ನಿನ್ನ ಕುರ್ಚಿ ನನಗೆ ಸಿಕ್ಕಿತು. ಅದರ ಒಂದು ಕಾಲು ಈಗಲೂ ಕುಂಟುತ್ತದೆ.

ನಿನ್ನದು ಮೊದಲನೆಯ ಟ್ಯೂಬು. ಸ್ಟ್ಯಾಂಡಿನಲ್ಲಿಟ್ಟು ಕಾದೆ. ವಾರ್ಡಿನ ನರ್ಸ್ ಎರಡು ಸಲ ಫೋನ್ ಮಾಡಿದಳು.

"ರಿಪೋರ್ಟ್ ನೋಡ್ದೆ ಡಾಕ್ಟರು ಔಷಧಿ ಶುರು ಮಾಡಲ್ಲ ಅಂತಿದಾರೆ ಕಣ್ರೀ."

"ಇನ್ನೂ ಮೂರು ಬರ್ಬೇಕು. ಎಲ್ಲರಿಗೂ ಒಂದೇ ನ್ಯಾಯ," ಅಂದೆ. ಹಾಗೆನ್ನುವಾಗ ನಾಲಿಗೆಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಐದನೆಯದು ಬಂದಾಗ ಮಧ್ಯಾಹ್ನ ದಾಟಿತ್ತು. ಯಂತ್ರ ನಿನ್ನ ಹೆಸರಿನ ಮುಂದೆ ಸೋಂಕಿನ ಅಂಕಿ ಅರವತ್ತೆಂಟು ಎಂದು ತೋರಿಸಿತು. ಎರಡು ದಾಟಿದರೇ ವಾರ್ಡಿಗೆ ಓಡಬೇಕೆಂದು ಕಲಿಸಿದವಳೂ ನೀನೇ. ನಾನು ಓಡಲಿಲ್ಲ, ಫೋನ್ ಮಾಡಿದೆ.

"ಈಗ್ಯಾಕ್ರೀ? ಹಾಸಿಗೆ ಖಾಲಿ ಆಯ್ತು," ಅಂದಳು ನರ್ಸ್.

ಆದರೂ ನಿನ್ನ ವರದಿ ಮುದ್ರಿಸಿ ಸಹಿ ಹಾಕಿದೆ. ಉಳಿದ ನಾಲ್ವರಿಗೂ ಬರೀ ನೆಗಡಿ, ಅಕ್ಕಾ. ಕಿಟ್ಟಿನದು ಒಂದು ಹನಿಯೂ ವ್ಯರ್ಥವಾಗಲಿಲ್ಲ.